ಸ್ಟೇನ್‌ಲೆಸ್ ವೆಲ್ಡಿಂಗ್ ಹೊಗೆ ಶ್ವಾಸಕೋಶದ ಸೆಲ್ ಒಳಗೆ ಹೋಗಿ ನಿಜವಾಗ್ಲೂ ಏನ್ ಮಾಡುತ್ತೆ?

ಆರ್ಕ್‌ಲೈಟ್:
ಎಲ್ರಿಗೂ ನಮಸ್ಕಾರ. ನಾನು ಸ್ಟೇನ್‌ಲೆಸ್ ಫ್ಯಾಬ್ರಿಕೇಶನ್ ಕೆಲಸದಲ್ಲಿದೀನಿ, ಜಾಸ್ತಿ ಸ್ಟಿಕ್ ವೆಲ್ಡಿಂಗ್ (ಲೇಪನ ಇರೋ ರಾಡ್ ಕರಗಿಸೋದು), ಸ್ವಲ್ಪ ಟಿಗ್ (ಕರಗದ ಟಂಗ್‌ಸ್ಟನ್ ಕಡ್ಡಿ, ರಕ್ಷಣೆಗೆ ಗ್ಯಾಸ್). ಸೇಫ್ಟಿ ಟ್ರೈನಿಂಗಲ್ಲಿ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತೆ, ಕ್ಯಾನ್ಸರ್ ಬರಬಹುದು ಅಂತ ಹೇಳಿ ಮುಗಿಸಿಬಿಟ್ರು, ಹೇಗೆ ಅಂತ ಕೇಳಿದ್ರೆ ಉತ್ತರ ಇಲ್ಲ. ಕ್ರೋಮಿಯಂ ಸಪ್ಲಿಮೆಂಟ್ ಮಾತ್ರೆಯಲ್ಲೂ ಇರುತ್ತಲ್ವಾ, ಹಂಗಿದ್ರೆ ಹೊಗೆಯಲ್ಲಿರೋದು ಮಾತ್ರ ಯಾಕೆ ವಿಷ? ಇನ್ನೊಂದು, ಜೊತೆಯವನೊಬ್ಬ ಗ್ಯಾಲ್ವನೈಸ್ಡ್ (ಜಿಂಕ್ ಲೇಪನದ) ಶೀಟ್ ವೆಲ್ಡ್ ಮಾಡಿದ ದಿನ ರಾತ್ರಿ ಚಳಿಜ್ವರ ಬಂದು ಆಮೇಲೆ ತಾನೇ ಸರಿಹೋಗ್ತಾನೆ, ಅದೂ ಇದೇನಾ? ನನ್ನ ಎಕ್ಸ್‌ರೇ ಕ್ಲಿಯರ್ ಇದೆ.

ಸೆಲ್‌ಕಲ್ಚರ್:
ಟಾಕ್ಸಿಕಾಲಜಿ ಲ್ಯಾಬಲ್ಲಿ ಕೆಲಸ ಮಾಡ್ತೀನಿ, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ.

ಮಾತ್ರೆಯಲ್ಲಿರೋದು ಕ್ರೋಮಿಯಂ ಮೂರು, ಹೊಗೆಯಲ್ಲಿ ಭಯಪಡಬೇಕಾಗಿರೋದು ಕ್ರೋಮಿಯಂ ಆರು, ಒಂದೇ ಲೋಹದ ಎರಡು ರಾಸಾಯನಿಕ ರೂಪ ಇವು. ಮೂರಕ್ಕೆ ಸೆಲ್ ಪೊರೆ ದಾಟೋದೇ ಕಷ್ಟ. ಆರು ಇರೋದು ಕ್ರೋಮೇಟ್ ರೂಪದಲ್ಲಿ, ಅದರ ಆಕಾರ ಸಲ್ಫೇಟ್ ಥರಾನೇ ಇರೋದ್ರಿಂದ ಸಲ್ಫೇಟ್ ಒಳಗೆ ಬಿಡೋ ಬಾಗಿಲಲ್ಲೇ ವೇಷ ಹಾಕ್ಕೊಂಡು ನುಗ್ಗಿಬಿಡುತ್ತೆ. ಮಜಾ ಏನಂದ್ರೆ ಕ್ರೋಮಿಯಂ ಆರು ಡಿಎನ್‌ಎನ ನೇರವಾಗಿ ಮುಟ್ಟೋದೇ ಕಮ್ಮಿ. ಸೆಲ್ ಒಳಗಿರೋ ವಿಟಮಿನ್ ಸಿ, ಗ್ಲುಟಾಥಯೋನ್ (ಸೆಲ್ ತಾನೇ ತಯಾರಿಸೋ ಆಂಟಿಆಕ್ಸಿಡೆಂಟ್) ಅದನ್ನ ಮೂರಕ್ಕೆ ಇಳಿಸ್ತಾವೆ, ಆ ಮಧ್ಯದಲ್ಲಿ ಹುಟ್ಟೋ ಅಸ್ಥಿರ ರೂಪಗಳು ಒಂದಷ್ಟು ಹಾಳು ಮಾಡ್ತವೆ, ಕೊನೆಗೆ ಉಳಿಯೋ ಮೂರು ಹೊರಗೆ ಹೋಗಕ್ಕಾಗದೆ ಅಲ್ಲೇ ಸಿಕ್ಕಾಕ್ಕೊಂಡು ಡಿಎನ್‌ಎಗೆ ಅಂಟ್ಕೊಳ್ಳುತ್ತೆ. ಆಮೇಲೆ ರಿಪೇರಿ ಮಾಡಕ್ಕೆ ಬರೋ ಮಿಸ್‌ಮ್ಯಾಚ್ ರಿಪೇರಿ ಪ್ರೋಟೀನ್‌ಗಳು (ಡಿಎನ್‌ಎ ನಕಲಿನ ತಪ್ಪು ಜೋಡಿ ತಿದ್ದೋವು) ಅದನ್ನ ಸರಿ ಮಾಡೋಕೆ ಹೋಗಿ ಡಿಎನ್‌ಎಯ ಎರಡೂ ಎಳೆ ಕತ್ತರಿಸೋ ಹಾಗೆ ಮಾಡ್ತವೆ, ಸುಮಾರು ಸೆಲ್ ಸಾಯ್ತವೆ. ಸತ್ತಿದ್ದು ಸಮಸ್ಯೆ ಅಲ್ಲ. ಆ ರಿಪೇರಿ ವ್ಯವಸ್ಥೆನೇ ಕೆಟ್ಟಿರೋ ಸೆಲ್‌ಗಳು ಬದುಕಿ ಉಳ್ಕೊಂಡು ಬೆಳೀತಾವಲ್ಲ, ಅವು ಸಮಸ್ಯೆ.

ನಿಕ್ಕಲ್ ದಾರಿ ಬೇರೆ. ಕರಗದ ಕಣಗಳನ್ನ ಸೆಲ್ ತಾನೇ ನುಂಗುತ್ತೆ, ಒಳಗಿನ ಆಸಿಡ್‌ನಲ್ಲಿ ಅದು ನಿಧಾನಕ್ಕೆ ಕರಗುತ್ತೆ, ಕೆಲವು ಎನ್‌ಜೈಮ್‌ಗಳಲ್ಲಿ ಕಬ್ಬಿಣದ ಜಾಗಕ್ಕೆ ಹೋಗಿ ಕೂರುತ್ತೆ. ಆಗ ಆಕ್ಸಿಜನ್ ಸಾಕಷ್ಟಿದ್ರೂ ಸೆಲ್ ಇಲ್ಲ ಅಂದ್ಕೊಂಡು ನಡ್ಕೊಳ್ಳುತ್ತೆ, ಯಾವ ಜೀನ್ ಆನ್ ಯಾವುದು ಆಫ್ ಅನ್ನೋದೆಲ್ಲಾ ಅಡ್ಡಾದಿಡ್ಡಿ.

ಆರ್ಕ್‌ಲೈಟ್:
ತುಂಬಾ ಥ್ಯಾಂಕ್ಸ್ ಸರ್. ಆದ್ರೆ ವಿಟಮಿನ್ ಸಿ ಒಳ್ಳೇದೋ ಕೆಟ್ಟದ್ದೋ ಈಗ? ನಾನು ದಿನಾ ಮಾತ್ರೆ ತಗೋತಿದೀನಿ 😅

ಸೆಲ್‌ಕಲ್ಚರ್:
ಎಲ್ಲಿದೆ ಅನ್ನೋದರ ಮೇಲೆ. ಶ್ವಾಸಕೋಶದ ಒಳಪದರದ ಮೇಲಿರೋ ದ್ರವದಲ್ಲಿ, ಅಂದ್ರೆ ಸೆಲ್ ಹೊರಗೇನೇ, ಆರು ಮೂರಾಗಿಬಿಟ್ರೆ ಬಚಾವ್, ಒಳಗೆ ಹೋಗಲ್ಲ. ಅದೇ ಕೆಲಸ ಒಳಗೆ ನಡೆದ್ರೆ ಮೇಲೆ ಹೇಳಿದ ಕಥೆ. ಲ್ಯಾಬಲ್ಲಿ ಬೆಳೆಸೋ ಸೆಲ್‌ಗಳಲ್ಲಿ ವಿಟಮಿನ್ ಸಿ ಹೆಚ್ಚುಕಮ್ಮಿ ಇರೋದೇ ಇಲ್ಲ, ಅದನ್ನ ಸೇರಿಸಿ ಟೆಸ್ಟ್ ಮಾಡಿದ್ರೆ ಕ್ರೋಮಿಯಂನಿಂದ ಡಿಎನ್‌ಎ ಮುರಿಯೋದು ಜಾಸ್ತಿ ಕಾಣುತ್ತೆ. ಮಾತ್ರೆ ನುಂಗಿ ಹೊಗೆ ಕುಡಿಬಹುದು ಅನ್ನೋ ಲೆಕ್ಕ ಹಾಕ್ಬೇಡಿ.

ಹುಡ್‌ಹತ್ರ:
ನಾನು ಸೇಫ್ಟಿ ಕೆಲಸದವಳು. ಮೇಲಿನವರು ಬರೆದಿದ್ದು ಸರಿ, ಆದ್ರೆ ಇವರಿಗೆ ನಾಳೆ ಬೆಳಗ್ಗೆ ಬೇಕಾಗಿರೋದು ಬೇರೆ. ಎಕ್ಸ್‌ರೇ ಕ್ಲಿಯರ್ ಅಂದ್ರೆ ಡಿಎನ್‌ಎ ಕ್ಲಿಯರ್ ಅಂತಲ್ಲ, ಅದರಲ್ಲಿ ಕಾಣೋ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತೆ. ಮೂತ್ರದಲ್ಲಿ ಕ್ರೋಮಿಯಂ ಟೆಸ್ಟ್ ಇದೆ, ಕೆಲಸದ ವಾರದ ಕೊನೇ ದಿನ ಶಿಫ್ಟ್ ಮುಗಿದಾಗ ಸ್ಯಾಂಪಲ್ ಕೊಡ್ಬೇಕು. ಗಾಳಿಯನ್ನೂ ಅಳೀಬೇಕು, ಅಮೆರಿಕದ ಕೆಲಸದ ಸುರಕ್ಷತೆ ಸಂಸ್ಥೆ ಓಶಾ 2006ರಲ್ಲಿ ಕ್ರೋಮಿಯಂ ಆರಕ್ಕೆ ಇಟ್ಟ ಮಿತಿ ಎಂಟು ಗಂಟೆ ಸರಾಸರಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ, ಕಣ್ಣಿಗೆ ಗೊತ್ತಾಗೋ ಪ್ರಮಾಣವೇ ಅಲ್ಲ ಅದು. ವೆಲ್ಡಿಂಗ್ ಹೊಗೆನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಅಂತ 2017ರಲ್ಲೇ ಮೊದಲನೇ ಗುಂಪಿಗೆ ಹಾಕಿದೆ.

ನೀವು ಸ್ಟಿಕ್ ಜಾಸ್ತಿ ಅಂದ್ರಿ. ಸ್ಟಿಕ್‌ನಲ್ಲಿ ಹೊಗೆನೂ ಜಾಸ್ತಿ, ರಾಡ್ ಮೇಲಿನ ಲೇಪನದಲ್ಲಿರೋ (ಫ್ಲಕ್ಸ್) ಸೋಡಿಯಂ ಪೊಟ್ಯಾಸಿಯಂ ದೆಸೆಯಿಂದ ಕ್ರೋಮಿಯಂ ಆರಾಗೋದೂ ಜಾಸ್ತಿ. ಆಗೋ ಜಾಗದಲ್ಲಿ ಟಿಗ್‌ಗೆ ಬದಲಾಯಿಸ್ಕೊಳ್ಳಿ, ಎಕ್ಸ್‌ಟ್ರ್ಯಾಕ್ಷನ್ ಹುಡ್ ಆರ್ಕ್ ಹತ್ತಿರಾನೇ ಇರ್ಲಿ, ಹೊಗೆ ಮುಖ ದಾಟಿ ಹೋಗೋ ಮುಂಚೆ ಎಳ್ಕೋಬೇಕು. ಬಟ್ಟೆ ಕಟ್ಕೊಳ್ಳೋದು, ಸರ್ಜಿಕಲ್ ಮಾಸ್ಕ್ ಹಾಕೋದು ಎರಡೂ ಸುಮ್ನೆ, ಆ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನ್‌ಗಿಂತ ಸಣ್ಣವು, ನೇರ ಶ್ವಾಸಕೋಶದ ತುದಿಯ ಗಾಳಿಗೂಡಿನ ತನಕ ಹೋಗ್ತವೆ.

ಗ್ಯಾಲ್ವನೈಸ್ಡ್ ಜ್ವರ ಜಿಂಕ್ ಆಕ್ಸೈಡ್ ಹೊಗೆಯಿಂದ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಕ್ಯಾನ್ಸರ್ ವಿಷಯ ಅದಲ್ಲ.

ಬ್ರೇಜಿಂಗ್‌ಬಾಬು:
ಜಿಂಕ್ ಜ್ವರ ಅಂತ ಸುಮ್ನಿರೋದು ಡೇಂಜರ್ ರೀ ಮೇಡಂ. ಕ್ಯಾಡ್ಮಿಯಂ ಹೊಗೆನೂ ಶುರುವಿನಲ್ಲಿ ಹಂಗೇ ಇರುತ್ತೆ. ಹಳೇ ಸಿಲ್ವರ್ ಬ್ರೇಜಿಂಗ್ ರಾಡ್ (ಲೋಹ ಬೆಸೆಯೋ ಬೆಳ್ಳಿ ಮಿಶ್ರಣದ ಕಡ್ಡಿ), ಕ್ಯಾಡ್ಮಿಯಂ ಪ್ಲೇಟಿಂಗ್ ಇರೋ ಬೋಲ್ಟ್ ಕಾಯಿಸಿದ್ರೆ ಬರುತ್ತೆ, ಆ ಹೊತ್ತಲ್ಲಿ ಗಂಟಲು ಸ್ವಲ್ಪ ಕೆರೆದಂಗೆ ಅಷ್ಟೇ, ಮನೆಗೆ ಹೋಗಿ ಎಷ್ಟೋ ಗಂಟೆ ಆದ್ಮೇಲೆ ಉಸಿರು ಕಟ್ಟೋಕೆ ಶುರು, ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳುತ್ತೆ, ಜೀವಾನೇ ಹೋಗಬಹುದು. ಜ್ವರದ ಜೊತೆ ಉಸಿರಾಟ ಕಷ್ಟ ಆಗ್ತಾ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಡಾಕ್ಟರಿಗೆ ಏನು ಕಾಯಿಸಿದ್ರಿ ಅನ್ನೋದನ್ನೂ ಬಾಯ್ಬಿಟ್ಟು ಹೇಳಿ.

ಹುಡ್‌ಹತ್ರ:
ಒಪ್ಪಿದೆ, ಅದನ್ನ ನಾನೇ ಬರೀಬೇಕಿತ್ತು. ರಾಡ್ ಪ್ಯಾಕೆಟ್ ಮೇಲೆ ಕ್ಯಾಡ್ಮಿಯಂ ಇದ್ಯಾ ನೋಡಿ, ಕ್ಯಾಡ್ಮಿಯಂ ಇಲ್ಲದ ರಾಡ್ ಸಿಗ್ತವೆ.

ಆರ್ಕ್‌ಲೈಟ್:
ಜೊತೆಯವನಿಗೆ ಈ ಥ್ರೆಡ್ ಕಳಿಸಿದೀನಿ. ಅವನು ಸಿಗರೇಟ್ ಬೇರೆ ಸೇದ್ತಾನೆ, ಅದೇನಾದ್ರೂ ಲೆಕ್ಕಕ್ಕೆ ಬರುತ್ತಾ?

ಸೆಲ್‌ಕಲ್ಚರ್:
ಬರುತ್ತೆ. ತಂಬಾಕಿನ ಹೊಗೆಯಲ್ಲೇ ಕ್ಯಾಡ್ಮಿಯಂ ಇದೆ, ಅದು ಡಿಎನ್‌ಎ ರಿಪೇರಿ ಪ್ರೋಟೀನ್‌ಗಳಲ್ಲಿ ಜಿಂಕ್ ಜಾಗಕ್ಕೆ ಕೂತು ಅವನ್ನ ಕೆಲಸ ಮಾಡಕ್ಕೆ ಬಿಡಲ್ಲ. ಅದರ ಜೊತೆಗೆ ಶ್ವಾಸನಾಳದ ಸಣ್ಣ ರೋಮಗಳು ಕಣ ಹೊರಗೆ ತಳ್ಳೋ ಕೆಲಸಾನೂ ಸಿಗರೇಟ್ ಕೆಡಿಸುತ್ತೆ, ಅಂದ್ರೆ ವೆಲ್ಡಿಂಗ್ ಕಣಗಳು ಒಳಗೆ ಇನ್ನೂ ಜಾಸ್ತಿ ಹೊತ್ತು ಕೂರ್ತವೆ.