802.1ಎಕ್ಸ್ ಆನ್ ಮಾಡಿದ ಮೇಲೆ ಪ್ರಿಂಟರ್‌ಗೆ ಐಪಿ ಬರ್ತಿಲ್ಲ

ಪ್ರಶ್ನೆ: ಆಫೀಸಿನ ಸಿಸ್ಕೋ ಸ್ವಿಚ್‌ನಲ್ಲಿ 802.1ಎಕ್ಸ್ (ಗುರುತು ತೋರಿಸಿದ ಸಾಧನಕ್ಕಷ್ಟೇ ನೆಟ್‌ವರ್ಕ್ ಬಿಡೋ ವ್ಯವಸ್ಥೆ) ಹಾಕಿದೀವಿ. ಲ್ಯಾಪ್‌ಟಾಪ್‌ಗಳು ಸಲೀಸಾಗಿ ಲಾಗಿನ್ ಆಗ್ತಿವೆ, ಪ್ರಿಂಟರ್‌ಗೆ ಮಾತ್ರ ಐಪಿ ಬರ್ತಿಲ್ಲ. ಎಂಎಬಿ (ಲಾಗಿನ್ ಬದಲು ಮ್ಯಾಕ್ ಅಡ್ರೆಸ್, ಅಂದ್ರೆ ಸಾಧನದ ಹಾರ್ಡ್‌ವೇರ್ ವಿಳಾಸ ನೋಡಿ ಒಳಗೆ ಬಿಡೋದು) ಆನ್ ಇದೆ, ಆ ಮ್ಯಾಕ್ ಅಡ್ರೆಸ್ ಗುರುತು ಪರಿಶೀಲಿಸೋ ರೇಡಿಯಸ್ ಸರ್ವರ್‌ನಲ್ಲೂ ಇದೆ. ಇನ್ನೇನು ನೋಡಲಿ?

ಉತ್ತರ 1: ಸರ್, ತೊಂದರೆ ಟೈಮರ್‌ದು. ಪ್ರಿಂಟರ್ ಇಎಪಿಗೆ (802.1ಎಕ್ಸ್ ಗುರುತು ಕೇಳೋ ಸಂದೇಶಕ್ಕೆ) ಉತ್ತರ ಕೊಡಲ್ಲ. ಸ್ವಿಚ್ 30 ಸೆಕೆಂಡಿಗೊಂದರಂತೆ ಮೂರು ಸಲ ಕೇಳಿ, 90 ಸೆಕೆಂಡ್ ಕಳೆದ ಮೇಲಷ್ಟೇ ಎಂಎಬಿಗೆ ಹೋಗುತ್ತೆ. ಅಷ್ಟರಲ್ಲಿ ಎಷ್ಟೋ ಪ್ರಿಂಟರ್‌ಗಳು ಡಿಎಚ್‌ಸಿಪಿ (ಐಪಿ ಹಂಚೋ ಸೇವೆ) ಕೇಳೋದನ್ನೇ ಬಿಟ್ಟಿರುತ್ತವೆ. ಆ ಪೋರ್ಟಿಗೆ ‘ಡಾಟ್1ಎಕ್ಸ್ ಟೈಮ್‌ಔಟ್ ಟಿಎಕ್ಸ್-ಪೀರಿಯಡ್ 10’ ಕೊಡಿ, ಆಗ 10 ಸೆಕೆಂಡಿಗೊಂದರಂತೆ ಕೇಳಿ ಬೇಗ ಎಂಎಬಿಗೆ ಹೋಗುತ್ತೆ. ದಯವಿಟ್ಟು ಪೋರ್ಟನ್ನು ಓಪನ್ ಬಿಟ್ಟು ಕೈ ತೊಳ್ಕೋಬೇಡಿ.

ಉತ್ತರ 2: ಮ್ಯಾಕ್ ಯಾರು ಬೇಕಾದ್ರೂ ನಕಲು ಮಾಡಬಹುದು, ಪ್ರಿಂಟರಿನ ಹಿಂದೆ ಸ್ಟಿಕರ್‌ನಲ್ಲೇ ಇರುತ್ತೆ. ಅದಕ್ಕೇ ಪ್ರಿಂಟರಿಗೆ ಬೇರೆ ವಿಲ್ಯಾನ್ (ಸ್ವಿಚ್ ಒಳಗಿನ ಪ್ರತ್ಯೇಕ ನೆಟ್‌ವರ್ಕ್) ಕೊಟ್ಟು, ಡಿಎಚ್‌ಸಿಪಿ ಮತ್ತು ಪ್ರಿಂಟ್ ಸರ್ವರ್‌ನಿಂದ ಪ್ರಿಂಟರಿನ ಟಿಸಿಪಿ 9100 ಪೋರ್ಟಿಗೆ (ಪ್ರಿಂಟ್ ಕೆಲಸ ಬರೋ ಪೋರ್ಟ್) ಬರೋದನ್ನ ಮಾತ್ರ ಬಿಡೋ ಎಸಿಎಲ್ (ಏನು ಬಿಡಬೇಕು ಅನ್ನೋ ನಿಯಮಪಟ್ಟಿ) ಹಾಕಿ.

ಕೇಳಿದವರು: 10 ಕೊಟ್ಟೆ, ಐಪಿ ಬಂತು! ಎಸಿಎಲ್ ಇವತ್ತೇ ಬರೀತೀನಿ.