ಸಿಲ್ವರ್ ಓಕ್ ಹಲಗೆ ಒಣಗಿಸಲು ಮನೆಯಲ್ಲೇ ಕಿಲ್ನ್: ಮಾಡಿದವರು ಹೇಳಿ

ಆಲೂರು ಕಡೆಯಿಂದ:
ಜುಲೈ ಗಾಳಿಗೆ ತೋಟದಲ್ಲಿ ನಾಲ್ಕು ಸಿಲ್ವರ್ ಓಕ್, ಒಂದು ಹಳೇ ಹಲಸು ಉರುಳಿದವು. ಸಾಮಿಲ್‌ನಲ್ಲಿ ಒಂದಿಂಚಿನ ಹಲಗೆ ಕೊಯ್ಸಿ ತಂದಿದ್ದೇನೆ, ಸುಮಾರು 40 ಸಿಎಫ್‌ಟಿ (ಘನ ಅಡಿ). ಊಟದ ಮೇಜು, ಕಪಾಟು ಮಾಡಿಸುವ ಆಸೆ. ಆಚಾರ್ರು ಹಸಿ ಮರ ಮುಟ್ಟಲ್ಲ, ಒಂದು ವರ್ಷ ಬಿಡಿ ಅಂತಾರೆ. ಚಿಕ್ಕ ಕಿಲ್ನ್, ಅಂದರೆ ಮರ ಒಣಗಿಸುವ ಗೂಡು, ಮಾಡಿಕೊಂಡವರು ಇದ್ದೀರಾ? ಇಟ್ಟಿಗೆ ಕೋಣೆಗೆ ಸೌದೆ ಉರಿ ಹಾಕಿದರೆ ಆಗುತ್ತಾ?

ಅರಸೀಕೆರೆಯಿಂದ:
ಇದೆಲ್ಲ ಯಾಕೆ ಸರ್? ನಾವು ಶೆಡ್ಡಿನ ನೆರಳಲ್ಲಿ ಹಲಗೆಗಳ ನಡುವೆ ರೀಪರ್ (ಮರದ ಸಣ್ಣ ಪಟ್ಟಿ) ಕೊಟ್ಟು ಪೇರಿಸಿ ಬಿಡುತ್ತೇವೆ. ಬೇಸಿಗೆ ಕಳೆಯುವಷ್ಟರಲ್ಲಿ ಹಲಗೆ ರೆಡಿ.

ಮೂಡಿಗೆರೆಯಿಂದ:
ಮೇಲಿನವರದು ಬಯಲುಸೀಮೆ, ಅವರಿಗೆ ಅದು ಸರಿ. ನಮ್ಮ ಕಡೆ ಮಳೆಗಾಲದ ಗಾಳಿಯೇ ಒದ್ದೆ. ಗಾಳಿಯ ತೇವ ಶೇ 85-90 ಇದ್ದಾಗ ಹಲಗೆಯ ತೇವ ಎಷ್ಟು ದಿನ ಇಟ್ಟರೂ ಶೇ 18-20ರ ಹತ್ತಿರ ನಿಂತುಬಿಡುತ್ತದೆ. ಮನೆಯೊಳಗಿನ ಮೇಜು, ಕಪಾಟಿಗೆ 10-12 ಬೇಕು.

ಸೌದೆ ಉರಿ ಮಾತ್ರ ಬೇಡ. ಹಲಗೆಯ ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಸೀಳುವುದು ಆಗಲೇ. ಬೆಂಕಿ ಭಯ ಬೇರೆ.

ನಾನು ಮಾಡಿದ್ದು ಬಿಸಿಲಿನ ಗೂಡು. ಕಾಫಿ ಒಣಗಿಸಲು ತಂದ 200 ಮೈಕ್ರಾನ್ ಯುವಿ ಶೀಟ್ (ಬಿಸಿಲು ತಡೆದುಕೊಳ್ಳುವ ಪ್ಲಾಸ್ಟಿಕ್ ಹಾಳೆ) ಉಳಿದಿತ್ತು. 10 ಅಡಿ ಉದ್ದ, 6 ಅಡಿ ಅಗಲದ ಇಳಿಜಾರು ಚಾವಣಿಗೆ ಅದನ್ನೇ ಹೊದಿಸಿದೆ, ದಕ್ಷಿಣಕ್ಕೆ ಮುಖ ಮಾಡಿ. ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ, ನಮಗೆ ಒಳ್ಳೇ ಬಿಸಿಲು ಸಿಗುವುದೂ ಆಗಲೇ. ಶೀಟಿನ ಕೆಳಗೆ ಕಪ್ಪು ಬಣ್ಣ ಬಳಿದ ತಗಡು. ಎರಡರ ನಡುವೆ ಬಿಸಿಯಾದ ಗಾಳಿಯನ್ನು ಎರಡು ಫ್ಯಾನ್ ಹಲಗೆ ರಾಶಿಯೊಳಗೆ ತಳ್ಳುತ್ತವೆ. ಹಿಂದಿನ ಗೋಡೆಯಲ್ಲಿ ಮೇಲೆರಡು, ಕೆಳಗೆರಡು ಕಿಂಡಿ, ಮುಚ್ಚಳ ಸಮೇತ. ರಾಶಿಯ ಮೇಲೂ ಪಕ್ಕದಲ್ಲೂ ಟಾರ್ಪಾಲು ಇಳಿಬಿಡಿ. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಸುತ್ತು ಹಾಕಿಕೊಂಡು ಹೋಗುತ್ತದೆ, ನಡುವಿನ ಹಲಗೆ ಹಸಿಯಾಗೇ ಉಳಿಯುತ್ತದೆ.

ನನ್ನ ದಡ್ಡತನ ಕೇಳಿ. ಮೊದಲ ಸಲ ಪರೀಕ್ಷೆಗೆ ಅಂತ 8 ಸಿಎಫ್‌ಟಿ ಹಲಸು ಮಾತ್ರ ಇಟ್ಟೆ. ಕಮ್ಮಿ ಮರ, ಕಮ್ಮಿ ಅಪಾಯ ಅಂತ ಲೆಕ್ಕ! ಮೂರನೇ ದಿನಕ್ಕೆ ಹಲಗೆ ತುಂಬ ಕೂದಲೆಳೆ ಬಿರುಕು. ಅಷ್ಟು ದೊಡ್ಡ ಚಾವಣಿಯ ಬಿಸಿಯೆಲ್ಲ ನಾಲ್ಕು ಹಲಗೆ ಮೇಲೆ ಬಿದ್ದರೆ ಇನ್ನೇನಾಗುತ್ತದೆ? ಒಂದಿಂಚಿನ ಹಲಗೆಯಾದರೆ 10 ಚದರಡಿ ಶೀಟಿಗೆ ಸುಮಾರು 8 ಸಿಎಫ್‌ಟಿ ಮರ ಅನ್ನುವುದು ಇಂಥ ಗೂಡುಗಳ ಲೆಕ್ಕ. ನಿಮ್ಮ 40ಕ್ಕೆ 50 ಚದರಡಿ ಸಾಕು. ಮೊದಲ ವಾರ ಕಿಂಡಿ ಬಹುಪಾಲು ಮುಚ್ಚಿಡಿ, ಒಳಗೆ ಹಬೆಯಾಡಿದಂತೆ ಇರಲಿ. ಆಮೇಲೆ ಸ್ವಲ್ಪ ಸ್ವಲ್ಪ ತೆಗೆಯಿರಿ. ರಾತ್ರಿ ಫ್ಯಾನ್ ಆಫ್. ಆಗ ಒಳಗಿನ ತೇವ ಮೈಗೆ ಬಂದು ಬಿಗಿತ ಸಡಿಲವಾಗುತ್ತದೆ. ಹಗಲೂ ರಾತ್ರಿ ಓಡಿಸಿದರೆ ಬೇಗ ಆಗುತ್ತದೆ ಅಂತ ಆಸೆಪಡಬೇಡಿ.

ಸದ್ಯಕ್ಕೆ ಶೆಡ್ಡಿನಲ್ಲಿ ಪೇರಿಸಿಡಿ. ನವೆಂಬರಿಗೆ ಗೂಡು.

ಬೇಲೂರಿನಿಂದ, ಮರಗೆಲಸದವನು:
ಪೇರಿಸುವುದರಲ್ಲೇ ಅರ್ಧ ಕೆಲಸ ಇದೆ ಅಣ್ಣ. ಮುಕ್ಕಾಲು ಇಂಚಿನ ಒಣ ರೀಪರ್, ಒಂದೂವರೆ ಅಡಿಗೊಂದು. ಮೇಲಿನ ರೀಪರ್ ಕೆಳಗಿನದರ ನೇರಕ್ಕೇ ಕೂರಬೇಕು. ತಪ್ಪಿದರೆ ಹಲಗೆ ಅಲೆ ಅಲೆಯಾಗುತ್ತದೆ, ಆಮೇಲೆ ರಂದ ಹೊಡೆದು ಹೊಡೆದು ಒಂದಿಂಚು ಅರ್ಧ ಇಂಚಾಗುತ್ತದೆ. ಎರಡೂ ತುದಿಗೆ ಇವತ್ತೇ ದಪ್ಪಗೆ ಪೇಂಟ್ ಬಳಿಯಿರಿ, ಮರದ ನೀರು ತುದಿಯಿಂದಲೇ ಬೇಗ ಓಡುವುದು. ನಟ್ಟನಡುವಿನ ತಿರುಳು ಬಂದ ಹಲಗೆ ಇದ್ದರೆ ಬೇರೆ ತೆಗೆದಿಡಿ. ಅದು ಹೇಗಿಟ್ಟರೂ ಸೀಳುತ್ತದೆ. ರಾಶಿ ಮೇಲೆ ಸೈಜುಗಲ್ಲು ಹೇರಿ.

ಸಕಲೇಶಪುರದಿಂದ:
ನಾನು ಬಿಸಿಲಿಗೆ ಕಾಯಲಿಲ್ಲ. ಗೊಬ್ಬರದ ಚಿಕ್ಕ ಕೋಣೆಗೆ ಒಳಗಿಂದ ಪ್ಲಾಸ್ಟಿಕ್ ಹೊಡೆದು, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಮತ್ತು ಒಂದು ಟೇಬಲ್ ಫ್ಯಾನ್ ಇಟ್ಟೆ. ಮಳೆಯಲ್ಲೂ ನಡೆಯುತ್ತದೆ, ಬಕೆಟ್ಟಿಗೆ ನೀರು ಬೀಳುವುದು ಕಾಣುತ್ತದೆ. ಕರೆಂಟ್ ಹೋದಾಗ ಬೈಯುತ್ತಾ ಕೂರುವುದು ಇದ್ದದ್ದೇ. ಒಂದು ಎಚ್ಚರ: ಒಣಗಿತು ಅಂದ ಮಾತ್ರಕ್ಕೆ ಕುಟ್ಟೆ ಹುಳು ಸಾಯಲ್ಲ. ಮರದ ನಡುಭಾಗವೇ 56 ಡಿಗ್ರಿಗೆ ಏರಿ ಅರ್ಧ ಗಂಟೆ ನಿಲ್ಲಬೇಕು, ನನ್ನ ಕೋಣೆ ಅಷ್ಟು ಬಿಸಿಯಾಗಲ್ಲ. ಅದಕ್ಕೆ ಹಸಿ ಇದ್ದಾಗಲೇ ಬೋರಿಕ್ ಆಸಿಡ್, ಬೊರಾಕ್ಸ್ ಕದಡಿದ ನೀರು ಹಚ್ಚಿದ್ದೆ.

ಆಲೂರು ಕಡೆಯಿಂದ:
ಉರಿ ಆಸೆ ಬಿಟ್ಟೆ. ತುದಿಗೆ ಪೇಂಟ್ ಬಳಿಯುತ್ತಿದ್ದೇನೆ. ಕಾಫಿಯ ಮಾಯಿಶ್ಚರ್ ಮೀಟರ್ ಮನೆಯಲ್ಲಿದೆ, ಅದೇ ಸಾಕಲ್ವಾ?

ಮೂಡಿಗೆರೆಯಿಂದ:
ಸಾಲದು. ಅದು ಬೀಜಕ್ಕೆ ಹೊಂದಿಸಿದ ಮೀಟರ್. ಲೆಕ್ಕವೇ ಬೇರೆ: ಕಾಫಿಯಲ್ಲಿ ನೀರನ್ನು ಒಟ್ಟು ತೂಕಕ್ಕೆ ಭಾಗಿಸುತ್ತಾರೆ, ಮರದಲ್ಲಿ ಒಣ ತೂಕಕ್ಕೆ. ಎರಡು ಪಿನ್ ಚುಚ್ಚುವ ಮರದ ಮೀಟರ್ ಸಿಗುತ್ತದೆ. ಅದೂ ಬೇಡ ಅಂದರೆ ತುದಿಯಿಂದ ಒಂದಡಿ ಬಿಟ್ಟು ಚಿಕ್ಕ ತುಂಡು ಕೊಯ್ದು ಕೂಡಲೇ ತೂಗಿ. ಓವನ್‌ನಲ್ಲಿ 103 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 640 ಗ್ರಾಂ ಇದ್ದದ್ದು 500ಕ್ಕೆ ನಿಂತರೆ, ಹೋದ 140ನ್ನು 500ರಿಂದ ಭಾಗಿಸಿ: ಶೇ 28. ಮನೆಯವರ ಕೇಕ್ ಓವನ್ ಆದರೆ ಮೊದಲೇ ಕೇಳಿಕೊಳ್ಳಿ, ನನಗೆ ಬೈಗುಳ ಬಿದ್ದಿದೆ.