ಟೋಲ್ ಕಟ್ಟಲ್ಲ ಅಂತ ಕೂತರೆ ಏನಾಗುತ್ತೆ? ಹಾಸನ ಕಡೆಯವರು ಹೇಳಿ

ಆಲೂರು ಕಡೆಯವನು:
ನಮ್ಮ ಮನೆ ಟೋಲ್ ಗೇಟಿನ ಈ ಕಡೆ, ತೋಟ ಆ ಕಡೆ. ಕೆಲಸದವರನ್ನು ಕರೆದುಕೊಂಡು ಬರೋದಕ್ಕೆ, ಗೊಬ್ಬರ ತರೋದಕ್ಕೆ, ಸಂತೆಗೆ ಹೋಗೋದಕ್ಕೆ ಎಲ್ಲಕ್ಕೂ ಅದೇ ದಾರಿ. ಈಗ ಊರಿನ ಹುಡುಗರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು ಇನ್ಮೇಲೆ ಒಬ್ಬರೂ ದುಡ್ಡು ಕೊಡೋದು ಬೇಡ ಅಂತ ಹಟ ಹಿಡಿದಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಸ್ಕೈ ಅನ್ನೋ ದ್ವೀಪದ ಸೇತುವೆಗೆ ಜನ ಟೋಲ್ ಕಟ್ಟದೇನೇ ಗೆದ್ದರಂತೆ, ಅದನ್ನೇ ದಿನಾ ಹಾಕ್ತಾರೆ. ಇದು ನಿಜಾನಾ? ನಮ್ಮಲ್ಲಿ ನಡೆಯುತ್ತಾ, ಇಲ್ಲ ಸುಮ್ನೆ ಕೇಸ್ ಹಾಕಿಸಿಕೊಳ್ಳೋದಾ?

ಹಳೇ ಪೇಪರ್:
ನಿಜ, ಆದರೆ ನಿಮ್ಮ ಹುಡುಗರು ಅರ್ಧ ಕಥೆ ಹೇಳಿದ್ದಾರೆ. ಆ ಸೇತುವೆ ಶುರುವಾಗಿದ್ದು 1995ರ ಅಕ್ಟೋಬರ್‌ನಲ್ಲಿ, ಖಾಸಗಿ ಬಂಡವಾಳದಲ್ಲಿ. ಸೇತುವೆ ಬಂದ ಕೂಡಲೇ ಅಲ್ಲಿದ್ದ ಫೆರ್ರಿ ನಿಂತುಹೋಯಿತು. ಜನರ ಸಿಟ್ಟಿಗೆ ದೊಡ್ಡ ಕಾರಣ ಅದೇ, ವರ್ಷವಿಡೀ ಗಾಡಿ ಓಡಿಸೋಕೆ ಹತ್ತಿರದಲ್ಲಿ ಬೇರೆ ದಾರಿ ಇರಲಿಲ್ಲ. ಕೊನೆಕೊನೆಗೆ ಕಾರಿಗೆ ಒಂದು ಕಡೆಗೇ 5.70 ಪೌಂಡ್ ಆಗಿತ್ತು. ಶುರುವಾದ ದಿನದಿಂದಲೇ ಕೆಲವರು ಕೌಂಟರ್ ಮುಂದೆ ಗಾಡಿ ನಿಲ್ಲಿಸಿ "ಕೊಡಲ್ಲ, ಬೇಕಾದರೆ ಕೇಸ್ ಹಾಕಿ" ಅಂದರು. ಅಲ್ಲಿ ಟೋಲ್ ಕೊಡದೆ ಇರೋದು ಕ್ರಿಮಿನಲ್ ಅಪರಾಧ. ಸುಮಾರು 500 ಜನ ಅರೆಸ್ಟ್ ಆದರು, 130 ಜನಕ್ಕೆ ಶಿಕ್ಷೆಯಾಯಿತು. ವಿಚಾರಣೆಗೆ ಡಿಂಗ್‌ವಾಲ್ ಅನ್ನೋ ದೂರದ ಊರಿನ ಕೋರ್ಟಿಗೆ ಅಲೆಯಬೇಕಿತ್ತು.

ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಅವರು ದುಡ್ಡು ಕೊಡದೆ ಓಡಿಹೋಗಲಿಲ್ಲ, ಕೋರ್ಟಲ್ಲಿ ನಿಂತು "ಟೋಲ್ ವಸೂಲಿ ಮಾಡೋಕೆ ನಿಮಗೆ ಅಧಿಕಾರ ಕೊಟ್ಟ ಕಾಗದ ತೋರಿಸಿ" ಅಂತ ಪದೇ ಪದೇ ಕೇಳಿದರು. ಅಷ್ಟಾದರೂ ಕೋರ್ಟಿನಲ್ಲಿ ಗೆಲ್ಲಲಿಲ್ಲ! ಕೊನೆಗೆ ಸರ್ಕಾರವೇ ಸುಮಾರು 27 ಮಿಲಿಯನ್ ಪೌಂಡ್ ಕೊಟ್ಟು ಸೇತುವೆ ಕೊಂಡುಕೊಂಡು 2004ರ ಡಿಸೆಂಬರ್‌ನಲ್ಲಿ ಟೋಲ್ ತೆಗೆಯಿತು. ಒಂಬತ್ತು ವರ್ಷ ಹಿಡೀತು. ನಿಮ್ಮ ಗ್ರೂಪಿನಲ್ಲಿ ಒಂಬತ್ತು ವರ್ಷ ಕೋರ್ಟಿಗೆ ಅಲೆಯೋರು ಎಷ್ಟು ಜನ ಇದ್ದಾರೆ, ಮೊದಲು ಅದನ್ನ ಕೇಳಿ.

ಶಿರಾಡಿ ಡ್ರೈವರ್:
ಗುರು, ಅವರ ಕಾಲದಲ್ಲಿ ಕೈಯಿಂದ ದುಡ್ಡು ಕೊಡಬೇಕಿತ್ತು, ಕೊಡಲ್ಲ ಅನ್ನೋಕೆ ಅವಕಾಶ ಇತ್ತು. ಈಗ ಹೆದ್ದಾರಿ ಟೋಲ್‌ನಲ್ಲಿ ನೀವು ಗ್ಲಾಸ್ ಇಳಿಸೋಷ್ಟರಲ್ಲಿ ಮೇಲಿರೋ ಸ್ಕ್ಯಾನರ್ ಫಾಸ್ಟ್ಯಾಗ್ ಓದಿರುತ್ತೆ, ಕೋಲು ಮೇಲೆದ್ದಿರುತ್ತೆ, ಜೇಬಲ್ಲಿ ಮೆಸೇಜ್ ಟಿಂಗ್ ಅಂದಿರುತ್ತೆ. ಘೋಷಣೆ ಕೂಗೋದು ಯಾರ ಮುಂದೆ? ಟ್ಯಾಗ್ ಕಿತ್ತು ಹೋದರೆ ಇನ್ನೂ ಜಾಸ್ತಿ ಕೇಳ್ತಾರೆ. ಅಲ್ಲಿ ಜಗಳ ಶುರುವಾದರೆ ಹಿಂದೆ ನಿಂತಿರೋದು ನಾನು, ತರಕಾರಿ ಲೋಡ್ ಹಾಕ್ಕೊಂಡು ಮಂಗಳೂರಿಗೆ ಹೊರಟೋನು. ಟೋಲ್‌ನವರಿಗೇನೂ ಆಗಲ್ಲ, ಬೂತಲ್ಲಿ ಕೂತಿರೋ ಹುಡುಗ ನಮ್ಮ ತಾಲೂಕಿನವನೇ, ಸಂಬಳಕ್ಕೆ ಬಂದಿರೋನು. ಬೈಗುಳ ತಿನ್ನೋನು ಅವನೇ.

ಗೆದ್ದಿರೋದು ನೋಡಬೇಕಂದರೆ ಅಷ್ಟು ದೂರ ಯಾಕೆ, ಘಾಟಿ ಇಳಿದರೆ ಸುರತ್ಕಲ್ ಇದೆ. 2022ರ ಅಕ್ಟೋಬರ್ 18ಕ್ಕೆ ಜನ ಗೇಟಿಗೇ ನುಗ್ಗಿದರು, ಪೊಲೀಸರು ಎತ್ತಿಕೊಂಡು ಹೋದರು, ಆಮೇಲೆ ಹಗಲು ರಾತ್ರಿ ಧರಣಿ ಕೂತರು. ಡಿಸೆಂಬರ್ 1ಕ್ಕೆ ಅಲ್ಲಿ ವಸೂಲಿ ನಿಂತಿತು. ಆದರೆ ಅದನ್ನ ಹೆಜಮಾಡಿ ಟೋಲ್‌ಗೆ ಸೇರಿಸಿದರು, ಅದನ್ನೂ ನೆನಪಿಟ್ಟುಕೊಳ್ಳಿ. ಅವರ ಹತ್ತಿರ ಗಟ್ಟಿ ಪಾಯಿಂಟ್ ಇತ್ತು, ಎರಡು ಗೇಟು ತೀರಾ ಹತ್ತಿರ. ಒಂದೇ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಅಂತರ ಇರಬೇಕು ಅಂತ 2008ರ ನಿಯಮದಲ್ಲೇ ಇದೆ, ಅದಕ್ಕೆ ವಿನಾಯಿತಿಗಳೂ ಇವೆ ಬಿಡಿ. ನಿಮ್ಮ ಹತ್ತಿರ ಅಂಥ ಪಾಯಿಂಟ್ ಏನಿದೆ? ದುಡ್ಡು ಜಾಸ್ತಿ ಅನ್ನೋದು ಎಲ್ಲರಿಗೂ ಇರೋ ಸಂಕಟವೇ.

ಬೆಟ್ಟದ ಕಾಫಿ:
ಡ್ರೈವರ್ ಅಣ್ಣ ಹೇಳಿದ್ದು ಸರಿ. ಕೇರಳದ ಪಾಲಿಯೆಕ್ಕರ ಟೋಲ್ ನೋಡಿ. ರಸ್ತೆ ಕೆಲಸದಿಂದ ಗಂಟೆಗಟ್ಟಲೆ ಜಾಮ್ ಅಂತ 2025ರ ಆಗಸ್ಟ್‌ನಲ್ಲಿ ಹೈಕೋರ್ಟೇ ವಸೂಲಿ ನಿಲ್ಲಿಸಿತು, ಸುಪ್ರೀಂ ಕೋರ್ಟೂ ಅದನ್ನ ಬದಲಾಯಿಸಲಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು, ಆದರೂ ಅಷ್ಟು ದಿನ ಜನ ಪುಕ್ಕಟೆ ಓಡಾಡಿದರು, ಒಬ್ಬನ ಮೇಲೂ ಟೋಲ್ ಕಟ್ಟಲಿಲ್ಲ ಅಂತ ಕೇಸ್ ಹಾಕೋ ಮಾತೇ ಬರಲಿಲ್ಲ. ರಸ್ತೆ ಸರಿಯಿಲ್ಲ ಅಂದರೆ ಹೊಂಡದ ಫೋಟೊ ತಾರೀಖು ಸಮೇತ ಇಟ್ಟುಕೊಳ್ಳಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಾಳೆ ಕೋರ್ಟಿಗೆ ಹೋದರೂ, ಡಿಸಿ ಆಫೀಸಿಗೆ ಹೋದರೂ ಕೇಳೋದು ಅದನ್ನೇ.

ಇನ್ನೊಂದು, ಸ್ಥಳೀಯರ ಪಾಸ್ ಮಾಡಿಸಿದ್ದೀರಾ? ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಮನೆ ಇದ್ದು, ಗಾಡಿ ಸ್ವಂತ ಬಳಕೆಯದಾದರೆ ತಿಂಗಳಿಗೆ 350 ರೂಪಾಯಿ, 2025-26ರ ಲೆಕ್ಕ. ಜಿಲ್ಲೆಯಲ್ಲೇ ರಿಜಿಸ್ಟರ್ ಆದ ಬಾಡಿಗೆ ಗಾಡಿಗೆ ಅರ್ಧ ದರ, ನ್ಯಾಷನಲ್ ಪರ್ಮಿಟ್ ಇರಬಾರದು. ಸರ್ವಿಸ್ ರೋಡ್ ಇದ್ದರೆ ಎರಡೂ ಸಿಗಲ್ಲ. ಹೋರಾಟ ಬೇಡ ಅಂತಲ್ಲ, ಅಲ್ಲೀ ತನಕ ದುಡ್ಡು ಯಾಕೆ ಕಳೀತೀರಿ?

ಆಲೂರು ಕಡೆಯವನು:
ಪಾಸ್ ವಿಷಯ ಬೂತಲ್ಲಿ ಯಾರೂ ಹೇಳಲೇ ಇಲ್ಲ! ಸರ್ವಿಸ್ ರೋಡ್ ಅರ್ಧಕ್ಕೆ ನಿಂತಿದೆ, ಆಮೇಲೆ ಬರೀ ಮಣ್ಣು. ಅದನ್ನೂ 'ಇದೆ' ಅಂತ ಲೆಕ್ಕ ಹಾಕ್ತಾರಾ?

ಶಿರಾಡಿ ಡ್ರೈವರ್:
ನೋಡಿ, ನಿಮ್ಮ ಪಾಯಿಂಟ್ ಅದೇ. ಫೋಟೊ ತೆಗೀರಿ, ಊರಿನವರ ಸಹಿ ಹಾಕಿಸಿ, ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಗೇಟ್ ಮುಂದೆ ಕೂರೋದಾದರೆ ಒಂದು ದಿನ ಮೊದಲೇ ಇಲ್ಲಿ ಹಾಕಿ, ನಾನು ಬೇಲೂರು ಕಡೆಯಿಂದ ಹೋಗ್ತೀನಿ.